ಬಿಲ್ ಆಯಿತು, ಹಣ ಬರಲಿಲ್ಲ: ಹೊಸ ಉದ್ಯಮಿಗಳನ್ನು ಕಾಡುವ ಬಾಕಿಯ ಸಮಸ್ಯೆ

ಹೊಸದಾಗಿ ಉದ್ಯಮ ಆರಂಭಿಸುವವರಿಗೆ ಬಂಡವಾಳ ಹೊಂದಿಸುವುದೇ ದೊಡ್ಡ ಸವಾಲು ಎಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಪೂರ್ಣ ಸತ್ಯವಲ್ಲ. ಬಂಡವಾಳ ಹೊಂದಿಸಿ, ಯಂತ್ರ ಕೂರಿಸಿ, ಗಿರಾಕಿಗಳನ್ನೂ ಸಂಪಾದಿಸಿದ ಎಷ್ಟೋ ಘಟಕಗಳು ಎರಡನೇ ಅಥವಾ ಮೂರನೇ ವರ್ಷದಲ್ಲಿ ಮುಗ್ಗರಿಸುತ್ತವೆ. ಲೆಕ್ಕದ ಪುಸ್ತಕದಲ್ಲಿ ಲಾಭವಿರುತ್ತದೆ, ಬ್ಯಾಂಕ್ ಖಾತೆಯಲ್ಲಿ ಹಣವಿರುವುದಿಲ್ಲ. ಮಾಲು ಹೋಗಿ ಮೂರು ತಿಂಗಳಾದರೂ ಕೊಂಡವರು ಹಣ ಕೊಟ್ಟಿರುವುದಿಲ್ಲ. ಸಂಬಳ, ಬಾಡಿಗೆ, ವಿದ್ಯುತ್ ಬಿಲ್, ಜಿಎಸ್‌ಟಿ, ಸಾಲದ ಕಂತು ಇವು ಮಾತ್ರ ತಪ್ಪದೆ ಪ್ರತಿ ತಿಂಗಳು ಬಂದು ನಿಲ್ಲುತ್ತವೆ.

ರಾಜ್ಯದ ಜೈನ ಕುಟುಂಬಗಳಿಗೆ ಈ ವಿಷಯ ಎರಡು ಕಡೆಯಿಂದ ತಟ್ಟುತ್ತದೆ. ದಿನಸಿ, ಬಟ್ಟೆ, ಪಾತ್ರೆ, ಚಿನ್ನ ಬೆಳ್ಳಿ, ಹಾರ್ಡ್‌ವೇರ್ ವ್ಯಾಪಾರದಲ್ಲಿರುವ ಹಿರಿಯರು ಮಾಲು ಕೊಳ್ಳುವವರು. ಅದೇ ಮನೆಗಳ ಹೊಸ ತಲೆಮಾರು ಆಹಾರ ಸಂಸ್ಕರಣೆ, ಯಂತ್ರದ ಬಿಡಿಭಾಗ, ಸಿದ್ಧ ಉಡುಪು, ಸಾಫ್ಟ್‌ವೇರ್ ಸೇವೆಯತ್ತ ಹೊರಟಾಗ ಮಾಲು ಮಾರುವವರಾಗುತ್ತಾರೆ. ತಡವಾದ ಪಾವತಿಯ ಕುರಿತು ಈಚಿನ ವರ್ಷಗಳಲ್ಲಿ ಬಿಗಿಯಾಗಿರುವ ಕಾನೂನು ಇಬ್ಬರಿಗೂ ಅನ್ವಯಿಸುತ್ತದೆ. ಇಬ್ಬರೂ ಅದನ್ನು ಅರಿತಿರುವುದು ಅಗತ್ಯ.

ಉದ್ರಿಯ ಲೆಕ್ಕ

ಒಂದು ಉದಾಹರಣೆ ನೋಡಬಹುದು. ಬೆಳಗಾವಿಯ ಉದ್ಯಮಬಾಗದಂತಹ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಸಣ್ಣ ಘಟಕವಿದೆ ಎಂದಿಟ್ಟುಕೊಳ್ಳೋಣ. ತಿಂಗಳ ಮಾರಾಟ 5 ಲಕ್ಷ ರೂ., ಖರ್ಚು 4.25 ಲಕ್ಷ ರೂ., ಉಳಿಯುವುದು 75 ಸಾವಿರ ರೂ. ಕೊಂಡವರು 30 ದಿನಕ್ಕೆ ಹಣ ಕೊಟ್ಟರೆ ಒಂದು ತಿಂಗಳ ಖರ್ಚಿನಷ್ಟು ಹಣ ಹೊರಗಿರುತ್ತದೆ. ಅದೇ 90 ದಿನಕ್ಕೆ ಹೋದರೆ ಇನ್ನೂ ಎರಡು ತಿಂಗಳ ಖರ್ಚು, ಅಂದರೆ 8.5 ಲಕ್ಷ ರೂ., ಉದ್ಯಮಿ ತನ್ನ ಕೈಯಿಂದ ಹಾಕಬೇಕು. ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ತಂದರೆ ತಿಂಗಳಿಗೆ 8,500 ರೂ., ಶೇ 24ರ ಕೈಸಾಲವಾದರೆ 17,000 ರೂ. ಬಡ್ಡಿಗೇ ಹೋಗುತ್ತದೆ.

ಇದರ ಜೊತೆಗೆ ಜಿಎಸ್‌ಟಿ ಇದೆ. ಹಣ ಬರಲಿ ಬಿಡಲಿ, ಬಿಲ್ ಮಾಡಿದ ತಿಂಗಳ ತೆರಿಗೆಯನ್ನು ಸಾಮಾನ್ಯವಾಗಿ ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಶೇ 18ರ ದರದಲ್ಲಿ 5 ಲಕ್ಷ ರೂ. ಬಿಲ್ಲಿಗೆ 90 ಸಾವಿರ ರೂ. ತೆರಿಗೆ. ಅದೇ ದರದಲ್ಲಿ 3 ಲಕ್ಷ ರೂ. ಕಚ್ಚಾ ಮಾಲು ಕೊಂಡಿದ್ದರೆ 54 ಸಾವಿರ ರೂ. ಹೂಡುವಳಿ ತೆರಿಗೆ ಜಮೆ ಸಿಗುತ್ತದೆ. ಉಳಿದ 36 ಸಾವಿರ ರೂ.ಗಳನ್ನು ಕೊಂಡವರಿಂದ ಒಂದು ರೂಪಾಯಿ ಬರುವ ಮೊದಲೇ ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂ.ವರೆಗೆ ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬಹುದು, ಆದರೆ ತೆರಿಗೆ ಪಾವತಿ ತಿಂಗಳಿಗೊಮ್ಮೆಯೇ.

ಇಲ್ಲಿ ಹೊಸಬರು ಗಮನಿಸದ ಒಂದು ಅಂಶವಿದೆ. ವ್ಯಾಪಾರ ಹೆಚ್ಚಿದಷ್ಟೂ ಕಷ್ಟ ಹೆಚ್ಚುತ್ತದೆ. ಮಾರಾಟ ಎರಡು ಪಟ್ಟಾದರೆ ಹೊರಗೆ ಸಿಕ್ಕಿಕೊಳ್ಳುವ ಹಣವೂ ಎರಡು ಪಟ್ಟು. ದೊಡ್ಡ ಆರ್ಡರ್ ಸಿಕ್ಕ ಸಂತೋಷದಲ್ಲೇ ಘಟಕ ಸಂಕಟಕ್ಕೆ ಸಿಲುಕುವುದು ಹೀಗೆ. ಗಿರಾಕಿ ಯಾರು, ಎಷ್ಟು ದರ ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಅವರು ಎಷ್ಟು ದಿನಕ್ಕೆ ಹಣ ಕೊಡುತ್ತಾರೆ ಎಂಬುದು.

ಕಾನೂನು ಏನು ಹೇಳುತ್ತದೆ?

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ 2006ರಲ್ಲಿ ಬಂದಿತು. ಅದರ 15ನೇ ಸೆಕ್ಷನ್ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಇಲ್ಲವೇ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಅವಧಿ 15 ದಿನ ಮಾತ್ರ.

ಮಾತಿನ ಮೇಲೆ ವ್ಯವಹಾರ ನಡೆಸುವ ಪೇಟೆಯಲ್ಲಿ ಇದು ಮುಖ್ಯವಾದ ಸಂಗತಿ. 'ಎರಡು ತಿಂಗಳು ಬಿಟ್ಟು ಕೊಡುತ್ತೇವೆ' ಎಂಬ ಬಾಯಿಮಾತಿಗೆ ಈ ಕಾನೂನಿನಲ್ಲಿ ಬೆಲೆಯಿಲ್ಲ. ಬರೆದುಕೊಂಡ 60 ಅಥವಾ 90 ದಿನದ ಒಪ್ಪಂದವಿದ್ದರೂ 45 ದಿನ ದಾಟಿದ ಮೇಲೆ ಅದು ತಡವಾದ ಪಾವತಿಯೇ.

ತಡವಾದರೆ 16ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕು. ಬ್ಯಾಂಕ್ ದರ ಶೇ 6 ಎಂದು ಹಿಡಿದರೆ ಬಡ್ಡಿ ಶೇ 18. ಜಿಎಸ್‌ಟಿ ಸೇರಿ 5.9 ಲಕ್ಷ ರೂ. ಬಿಲ್ ಎರಡು ತಿಂಗಳು ತಡವಾದರೆ ಸುಮಾರು 17,800 ರೂ. ಬಡ್ಡಿ ಬರಬೇಕು. ಕೊಂಡವರು ಈ ಬಡ್ಡಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ.

ಹಣ ಬಾರದಿದ್ದರೆ ರಾಜ್ಯದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಇದಕ್ಕಾಗಿ 2017ರಲ್ಲಿ ಸಮಾಧಾನ್ ಎಂಬ ಪೋರ್ಟಲ್ ಆರಂಭವಾಯಿತು. 2025ರ ಜೂನ್‌ನಲ್ಲಿ ಆನ್‌ಲೈನ್ ವ್ಯಾಜ್ಯ ಪರಿಹಾರದ ಹೊಸ ಪೋರ್ಟಲ್ ಬಂದಿದೆ. ಮಂಡಳಿ 90 ದಿನದೊಳಗೆ ಇತ್ಯರ್ಥ ಮಾಡಬೇಕೆಂದು ಕಾಯ್ದೆ ಹೇಳುತ್ತದೆ, ವಾಸ್ತವದಲ್ಲಿ ಹೆಚ್ಚು ಸಮಯ ಹಿಡಿಯುವುದುಂಟು. ಮಂಡಳಿಯ ಆದೇಶವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವ ಖರೀದಿದಾರರು ಮೊದಲು ಶೇ 75ರಷ್ಟು ಹಣವನ್ನು ಠೇವಣಿ ಇಡಬೇಕೆಂಬುದು ಮಾರಿದವರ ಪರವಾದ ಬಲವಾದ ನಿಯಮ.

ಇಷ್ಟೆಲ್ಲ ಇದ್ದರೂ ಹೊಸ ಉದ್ಯಮಿಗಳು ದೂರು ಕೊಡಲು ಹಿಂಜರಿಯುತ್ತಾರೆ. ಕಾರಣ ಸರಳ. ಇರುವುದೇ ಮೂರು ನಾಲ್ಕು ಗಿರಾಕಿಗಳು. ಒಬ್ಬರ ಮೇಲೆ ದೂರು ಕೊಟ್ಟರೆ ಆ ಗಿರಾಕಿ ಹೋದಂತೆಯೇ, ಪೇಟೆಯಲ್ಲಿ ಸುದ್ದಿಯೂ ಹರಡುತ್ತದೆ. ಹೀಗಾಗಿ ಬಡ್ಡಿಯ ಹಕ್ಕು ಬಹುಪಾಲು ಕಾಗದದಲ್ಲೇ ಉಳಿದಿದೆ.

ಆದಾಯ ತೆರಿಗೆಯ ಹೊಸ ಬಿಗಿ

ಈ ಹಿಂಜರಿಕೆಯನ್ನು ಅರಿತೇ ಸರ್ಕಾರ ಬೇರೊಂದು ದಾರಿ ಹಿಡಿಯಿತು. 2023ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ನಿಯಮ ಸೇರಿತು. ಅದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ 15 ಅಥವಾ 45 ದಿನದ ಗಡುವಿನೊಳಗೆ ಹಣ ಕೊಡದಿದ್ದರೆ, ಆ ಖರೀದಿಯ ಮೊತ್ತವನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಮಾರ್ಚ್ 31ಕ್ಕೆ ಗಡುವು ಮೀರಿ ಬಾಕಿ ಉಳಿದ ಮೊತ್ತ ಆ ವರ್ಷದ ಲಾಭಕ್ಕೆ ಸೇರಿ ತೆರಿಗೆ ಬೀಳುತ್ತದೆ. ಮಾರಿದವರು ದೂರು ಕೊಡದಿದ್ದರೂ ಕೊಂಡವರಿಗೆ ಪೆಟ್ಟು ಬೀಳುವ ವ್ಯವಸ್ಥೆ ಇದು.

ಉದ್ದೇಶ ಒಳ್ಳೆಯದು. ಪರಿಣಾಮ ಮಾತ್ರ ಮಿಶ್ರವಾಗಿದೆ. ನಿಯಮ ಜಾರಿಯಾಗುವ ಹೊತ್ತಿಗೆ, ಉದ್ದನೆಯ ಉದ್ರಿಯ ಮೇಲೆಯೇ ನಡೆಯುವ ಜವಳಿ ವ್ಯಾಪಾರದಿಂದ ಆಕ್ಷೇಪಗಳು ಕೇಳಿಬಂದವು. ಉದ್ಯಮ್ ನೋಂದಣಿ ಇಲ್ಲದವರಿಂದ ಅಥವಾ ಮಧ್ಯಮ ಗಾತ್ರದ ಕಂಪನಿಗಳಿಂದ ಮಾಲು ತರಿಸಿದರೆ ಈ ನಿಯಮದ ತಂಟೆಯೇ ಇಲ್ಲ ಎಂದು ಕೆಲವು ಖರೀದಿದಾರರು ಯೋಚಿಸತೊಡಗಿದರು. ಸಣ್ಣವರ ರಕ್ಷಣೆಗೆ ಬಂದ ನಿಯಮ ಸಣ್ಣವರ ಆರ್ಡರನ್ನೇ ಕಸಿಯುವ ಅಪಾಯ ಇಲ್ಲಿದೆ.

ನಿಯಮದಲ್ಲಿ ಇನ್ನೊಂದು ಬಿಡುವೂ ಇದೆ. ಏಪ್ರಿಲ್‌ನ ಬಿಲ್ಲಿಗೆ ನವೆಂಬರ್‌ನಲ್ಲಿ ಹಣ ಕೊಟ್ಟರೂ ಅದು ಅದೇ ಹಣಕಾಸು ವರ್ಷವಾದ್ದರಿಂದ ತೆರಿಗೆ ಲೆಕ್ಕದಲ್ಲಿ ಕೊಂಡವರಿಗೆ ನಷ್ಟವಿಲ್ಲ. ಹಾಗಾಗಿ ಈ ನಿಯಮದ ಬಿಸಿ ತಟ್ಟುವುದು ಮುಖ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ. ಫೆಬ್ರುವರಿ, ಮಾರ್ಚ್‌ನಲ್ಲಿ ಹಳೆಯ ಬಾಕಿ ವಸೂಲಿಗೆ ಓಡಾಡುವ ಉದ್ಯಮಿಗೆ ಇದು ಅನುಕೂಲ. ಜುಲೈ, ಆಗಸ್ಟ್‌ನಲ್ಲಿ ಅಷ್ಟು ಬಲವಿಲ್ಲ.

ಯಾರಿಗೆ ಅನ್ವಯ, ಯಾರಿಗೆ ಇಲ್ಲ?

ವ್ಯಾಪಾರಿ ಕುಟುಂಬಗಳಲ್ಲಿ ಹೆಚ್ಚು ಗೊಂದಲ ಇರುವುದು ಇಲ್ಲಿ. ತಯಾರಕರು ಮತ್ತು ಸೇವೆ ಒದಗಿಸುವವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿದ್ದರೆ ಅವರಿಗೆ ಈ ರಕ್ಷಣೆ ಇದೆ. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ಸಿಕ್ಕಿತು. ಆದರೆ ಅದು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ. ಕೊಂಡು ಮಾರುವ ವ್ಯಾಪಾರಿಗೆ ಬರಬೇಕಾದ ಬಾಕಿಗೆ 45 ದಿನದ ರಕ್ಷಣೆ ಸಿಗುವುದಿಲ್ಲ.

ಅದೇ ವ್ಯಾಪಾರಿ ನೋಂದಾಯಿತ ಸಣ್ಣ ತಯಾರಕರಿಂದ ಮಾಲು ಕೊಂಡರೆ ಗಡುವು ಅವರಿಗೆ ಅನ್ವಯಿಸುತ್ತದೆ. ಅಂದರೆ ಸಗಟು ವ್ಯಾಪಾರಿ ತಾನು ಕೊಡಬೇಕಾದ ಹಣವನ್ನು ಬೇಗ ಕೊಡಬೇಕು, ತನಗೆ ಬರಬೇಕಾದದ್ದಕ್ಕೆ ಕಾಯಬೇಕು. ಎರಡರ ನಡುವಿನ ಅಂತರ ತುಂಬುವ ಹೊರೆ ಅವರದೇ. ಅಂದಾಜು ಆದಾಯದ ಯೋಜನೆಯಡಿ ತೆರಿಗೆ ಕಟ್ಟುವ ಸಣ್ಣ ಅಂಗಡಿಯವರಿಗೆ ಈ ಆದಾಯ ತೆರಿಗೆ ನಿಯಮ ತೊಂದರೆ ಕೊಡುವುದಿಲ್ಲ, ಏಕೆಂದರೆ ಅಲ್ಲಿ ಖರ್ಚನ್ನು ಬಿಡಿಬಿಡಿಯಾಗಿ ತೋರಿಸುವ ಪ್ರಶ್ನೆಯೇ ಇಲ್ಲ. ತಡವಾದ ಪಾವತಿಯ ಬಡ್ಡಿಯ ಹೊಣೆ ಮಾತ್ರ ಅವರಿಗೂ ತಪ್ಪಿದ್ದಲ್ಲ.

2025ರ ಏಪ್ರಿಲ್ 1ರಿಂದ ಉದ್ಯಮಗಳ ವರ್ಗೀಕರಣವೂ ಬದಲಾಗಿದೆ. ಹೂಡಿಕೆ 2.5 ಕೋಟಿ ರೂ. ಮತ್ತು ವಹಿವಾಟು 10 ಕೋಟಿ ರೂ.ವರೆಗೆ ಇದ್ದರೆ ಸೂಕ್ಷ್ಮ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ರೂ.ವರೆಗೆ ಸಣ್ಣ. ಹೂಡಿಕೆ 125 ಕೋಟಿ, ವಹಿವಾಟು 500 ಕೋಟಿ ರೂ.ವರೆಗೆ ಮಧ್ಯಮ. ಮೊದಲು ಮಧ್ಯಮ ಎನಿಸಿಕೊಂಡಿದ್ದ ಹಲವು ಘಟಕಗಳು ಈಗ ಸಣ್ಣ ವರ್ಗಕ್ಕೆ ಬಂದಿವೆ. ಮಾಲು ಕೊಳ್ಳುವವರು ತಮ್ಮ ಪೂರೈಕೆದಾರರ ಉದ್ಯಮ್ ಪ್ರಮಾಣಪತ್ರವನ್ನು ಹೊಸದಾಗಿ ಕೇಳಿ ಪಡೆಯುವುದು ಒಳ್ಳೆಯದು.

ನೋಂದಣಿ ಯಾವಾಗ ಮಾಡಿಸಬೇಕು ಎಂಬುದೂ ಮುಖ್ಯ. ಒಪ್ಪಂದದ ಹೊತ್ತಿಗೆ ನೋಂದಣಿ ಇಲ್ಲದ ಪೂರೈಕೆದಾರರು ಆಮೇಲೆ ನೋಂದಾಯಿಸಿ ಹಳೆಯ ಬಾಕಿಗೆ ಈ ಕಾಯ್ದೆಯ ಲಾಭ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪೀಠ ಬೇರೆ ಅಭಿಪ್ರಾಯ ತಾಳಿ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಈ ಜಿಜ್ಞಾಸೆಗೆ ಸಿಲುಕದಿರಲು ಮೊದಲ ಬಿಲ್ ಮಾಡುವ ಮುನ್ನವೇ ನೋಂದಣಿ ಮಾಡಿಸಿಕೊಳ್ಳುವುದು ಸುರಕ್ಷಿತ. ಸರ್ಕಾರಿ ಪೋರ್ಟಲ್‌ನಲ್ಲಿ ಇದಕ್ಕೆ ಶುಲ್ಕವಿಲ್ಲ. ಹಣ ಕೇಳುವ ಖಾಸಗಿ ಜಾಲತಾಣಗಳಿಂದ ದೂರವಿರಬೇಕು.

ತೆರಿಗೆ ನೋಟಿಸಿನ ಪಾಠ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ದೊಡ್ಡ ಸುದ್ದಿಯಾಯಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ತೆಗೆದು 'ನಗದು ಮಾತ್ರ' ಎಂಬ ಬರಹ ಕಾಣಿಸಿತು. ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ನಡೆಸಿದ ಮೇಲೆ, ವಿನಾಯಿತಿ ಇರುವ ಸರಕು ಮಾರುವವರಿಂದ ತೆರಿಗೆ ವಸೂಲಿ ಇಲ್ಲ, ನೋಂದಣಿ ಅಗತ್ಯವಿರುವವರು ಮಾಡಿಸಿಕೊಳ್ಳಬೇಕು ಎಂಬ ನಿಲುವು ಪ್ರಕಟವಾಯಿತು.

ಆ ಗದ್ದಲದಲ್ಲಿ ಮೂಲ ನಿಯಮಗಳು ಮರೆಗೆ ಸರಿದವು. ಸರಕು ಮಾತ್ರ ಮಾರುವವರಿಗೆ ರಾಜ್ಯದಲ್ಲಿ ವಾರ್ಷಿಕ 40 ಲಕ್ಷ ರೂ., ಸೇವೆ ಕೊಡುವವರಿಗೆ 20 ಲಕ್ಷ ರೂ. ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ವಿನಾಯಿತಿ ಸರಕು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ತೆರಿಗೆಯ ಸರಕನ್ನೂ ಜೊತೆಗೆ ಮಾರಿದರೆ ಮಿತಿಯ ಲೆಕ್ಕಕ್ಕೆ ಎರಡೂ ಸೇರುತ್ತವೆ. ಸರಕು ಮಾರುವವರು 1.5 ಕೋಟಿ ರೂ. ವಹಿವಾಟಿನವರೆಗೆ ಕಡಿಮೆ ದರದ ಕಾಂಪೊಸಿಷನ್ ಯೋಜನೆ ಆರಿಸಿಕೊಳ್ಳಬಹುದು.

ಗಡಿಭಾಗದವರು ಇನ್ನೂ ಒಂದು ವಿಷಯ ತಿಳಿದಿರಬೇಕು. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದಿಂದ ಕೊಲ್ಹಾಪುರ ಅಥವಾ ಸಾಂಗ್ಲಿಗೆ ತೆರಿಗೆ ಇರುವ ಸರಕು ಕಳಿಸಿ ಮಾರಿದರೆ ಅದು ಅಂತರರಾಜ್ಯ ಮಾರಾಟ. ಕರಕುಶಲ ವಸ್ತುಗಳಂತಹ ಕೆಲವು ವಿನಾಯಿತಿ ಬಿಟ್ಟರೆ ಅಲ್ಲಿ 40 ಲಕ್ಷ ರೂ. ಮಿತಿ ಅನ್ವಯಿಸುವುದಿಲ್ಲ. ಮೊದಲ ಮಾರಾಟದಿಂದಲೇ ನೋಂದಣಿ ಬೇಕು. ಆನ್‌ಲೈನ್ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಮಾತ್ರ ಸರಕು ಮಾರುವ ಸಣ್ಣವರಿಗೆ 2023ರ ಅಕ್ಟೋಬರ್‌ನಿಂದ ಮಿತಿಯೊಳಗೆ ವಿನಾಯಿತಿ ಸಿಕ್ಕಿದೆ. ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವ ಮಹಿಳೆಯರಿಗೆ ಇದು ಉಪಯುಕ್ತ.

ಸಾಲ ಮತ್ತು ಮನೆಯ ಆಸ್ತಿ

ಹಣದ ಕೊರತೆ ತುಂಬಲು ಕುಟುಂಬಗಳು ಮೊದಲು ನೋಡುವುದು ಮನೆ, ಜಮೀನು, ಹೆಂಗಸರ ಒಡವೆ. ಅಡಮಾನವಿಲ್ಲದ ದಾರಿಗಳನ್ನು ಮೊದಲು ವಿಚಾರಿಸುವುದು ಕಡಿಮೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ನಿಗದಿತ ಮಿತಿಯವರೆಗಿನ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಅದಕ್ಕೂ ಮೇಲಿನ ಸಾಲಕ್ಕೆ ಸಿಜಿಟಿಎಂಎಸ್‌ಇ ಸಾಲ ಖಾತರಿ ಇದೆ. ಅದರ ಮಿತಿಯನ್ನು 2025ರಲ್ಲಿ 10 ಕೋಟಿ ರೂ.ಗೆ ಏರಿಸಲಾಯಿತು. ಮುದ್ರಾ ಯೋಜನೆಯಲ್ಲಿ ಹೊಸಬರಿಗೆ 10 ಲಕ್ಷ ರೂ.ವರೆಗೆ ಸಾಲ ಸಿಗುತ್ತದೆ. ತರುಣ್ ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ ಮಿತಿ 20 ಲಕ್ಷ ರೂ.

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಅಲ್ಪಸಂಖ್ಯಾತರು ವಿಶೇಷ ವರ್ಗಕ್ಕೆ ಸೇರುತ್ತಾರೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿರುವುದರಿಂದ ಅವರಿಗೂ ಇದು ಅನ್ವಯ. ಸ್ವಂತ ಪಾಲು ಶೇ 5 ಸಾಕು. ಸಹಾಯಧನ ನಗರದಲ್ಲಿ ಶೇ 25, ಗ್ರಾಮೀಣ ಭಾಗದಲ್ಲಿ ಶೇ 35. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂ. ಯೋಜನಾ ವೆಚ್ಚದ ಮಿತಿ ಇದೆ. ಹೊಸ ಘಟಕಗಳಿಗೆ ಮಾತ್ರ ಅವಕಾಶ. ಸಹಾಯಧನ ತಕ್ಷಣ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು ಪರಿಶೀಲನೆಯ ನಂತರ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ದುಡಿಯುವ ಬಂಡವಾಳವೆಂದು ನಂಬಿ ಹೊರಟವರು ತೊಂದರೆಗೆ ಸಿಲುಕುತ್ತಾರೆ. ಅರ್ಜಿ ಹಾಕುವ ಮುನ್ನ ಆಯಾ ವರ್ಷದ ಮಾರ್ಗಸೂಚಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬೇಕು.

ದುಡಿಯುವ ಬಂಡವಾಳಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಂದಾಜು ವಾರ್ಷಿಕ ವಹಿವಾಟಿನ ಶೇ 20ರಷ್ಟು ಸಾಲ ಕೊಡುತ್ತವೆ. ಮೇಲಿನ ಉದಾಹರಣೆಯ ಘಟಕದ ವರ್ಷದ ವಹಿವಾಟು 60 ಲಕ್ಷ ರೂ. ಆದ್ದರಿಂದ ಸುಮಾರು 12 ಲಕ್ಷ ರೂ. ಸಿಗಬಹುದು. ಬಾಕಿ 90 ದಿನ ಮುಟ್ಟಿದರೆ ಮೂರು ತಿಂಗಳ ಖರ್ಚೇ 12.75 ಲಕ್ಷ ರೂ., ಗೋದಾಮಿನ ಮಾಲು ಬೇರೆ. 90 ದಿನ ಮೀರಿದ ಬಾಕಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮುಂದಿನ ಹಾದಿ ಕಠಿಣ. ಕಂತು 90 ದಿನ ತಪ್ಪಿದರೆ ಸಾಲ ಅನುತ್ಪಾದಕ ಆಸ್ತಿಯಾಗುತ್ತದೆ. ಮನೆ ಅಡವಿಟ್ಟಿದ್ದರೆ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು ಬ್ಯಾಂಕ್ ಆಸ್ತಿಗೆ ಕೈ ಹಾಕಬಹುದು. ಜಾಮೀನು ಹಾಕಿದ ತಂದೆ ಅಥವಾ ಅಣ್ಣನ ಹೊಣೆ ಸಾಲಗಾರನಷ್ಟೇ ಇರುತ್ತದೆ. ಮಗನ ಗಿರಾಕಿ ತಡ ಮಾಡಿದ ಹಣ ಕೊನೆಗೆ ಹಿರಿಯರ ಮನೆಯ ಬಾಗಿಲಿಗೆ ಬರುವುದು ಹೀಗೆ. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ, 2005ರ ತಿದ್ದುಪಡಿಯೂ ಸಹ. ಮದುವೆಯಾಗಿ ಹೋದ ಅಕ್ಕ ತಂಗಿಯರನ್ನು ಕೇಳದೆ ಅಡಮಾನ ಮಾಡಿದರೆ ಸಾಲದ ಜೊತೆ ವ್ಯಾಜ್ಯವೂ ಹುಟ್ಟುತ್ತದೆ.

ಹೊಸಬರು ಏನು ಮಾಡಬಹುದು?

ಕೆಲವು ಕ್ರಮಗಳು ಖರ್ಚಿಲ್ಲದವು. ಬಿಲ್ ಮತ್ತು ಲೆಟರ್‌ಹೆಡ್ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸಬೇಕು. ಖರೀದಿ ಆದೇಶದಲ್ಲಿ ಪಾವತಿಯ ದಿನ ಬರೆಸಿಕೊಳ್ಳಬೇಕು. ಮಾಲು ತಲುಪಿದ ದಿನದ ಸಹಿ ಇರುವ ಚಲನ್ ಜೋಪಾನ ಮಾಡಬೇಕು, ಏಕೆಂದರೆ ದಿನದ ಎಣಿಕೆ ಅಲ್ಲಿಂದಲೇ ಆರಂಭವಾಗುತ್ತದೆ. ಗಡುವಿಗೆ ಒಂದು ವಾರ ಮೊದಲೇ ನೆನಪಿನ ಪತ್ರ ಕಳಿಸುವುದು ಜಗಳವಲ್ಲ, ಪದ್ಧತಿ. ಕೊಂಡವರು 180 ದಿನದಲ್ಲಿ ಹಣ ಕೊಡದಿದ್ದರೆ ತಾವು ಪಡೆದ ಜಿಎಸ್‌ಟಿ ಜಮೆಯನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಗುತ್ತದೆ ಎಂಬುದನ್ನೂ ಆ ಪತ್ರದಲ್ಲಿ ವಿನಯದಿಂದ ತಿಳಿಸಬಹುದು.

ದೊಡ್ಡ ಕಂಪನಿಗೆ ಮಾಲು ಕೊಡುವವರು ಟ್ರೆಡ್ಸ್ ವೇದಿಕೆಯನ್ನು ಕೇಳಬೇಕು. ಅಲ್ಲಿ ಕಂಪನಿ ಒಪ್ಪಿದ ಬಿಲ್ಲನ್ನು ಬ್ಯಾಂಕುಗಳು ಬಡ್ಡಿ ಕಳೆದು ಕೊಳ್ಳುತ್ತವೆ, ಹಣ ಬೇಗ ಕೈಸೇರುತ್ತದೆ. ಕಂಪನಿ ನಂತರ ಹಣ ಕೊಡದಿದ್ದರೂ ಬ್ಯಾಂಕ್ ಮಾರಿದವರ ಬಳಿ ಬರುವಂತಿಲ್ಲ. ವಹಿವಾಟು 250 ಕೋಟಿ ರೂ. ದಾಟಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇದರಲ್ಲಿ ನೋಂದಾಯಿಸಬೇಕೆಂದು ಕೇಂದ್ರ ಸರ್ಕಾರ ಆದೇಶಿಸಿತ್ತು. ನೋಂದಾಯಿಸಿದ ಮಾತ್ರಕ್ಕೆ ಬಿಲ್ ಒಪ್ಪಬೇಕೆಂದಿಲ್ಲ, ಹಾಗಾಗಿ ಆರ್ಡರ್ ಪಡೆಯುವಾಗಲೇ ಮಾತಾಡಿಕೊಳ್ಳಬೇಕು.

ಮನೆಯ ಖರ್ಚಿಗೂ ಉದ್ಯಮಕ್ಕೂ ಬೇರೆ ಬೇರೆ ಖಾತೆ ಇರಲಿ. ಮೂರು ತಿಂಗಳ ಖರ್ಚಿನಷ್ಟು ಹಣ ಇಟ್ಟುಕೊಂಡೇ ಆರಂಭಿಸುವುದು, ಒಬ್ಬರೇ ಗಿರಾಕಿಯ ಮೇಲೆ ಅರ್ಧಕ್ಕಿಂತ ಹೆಚ್ಚು ಮಾರಾಟ ನಿಲ್ಲದಂತೆ ನೋಡಿಕೊಳ್ಳುವುದು ಒಳ್ಳೆಯ ರೂಢಿ.

ಇನ್ನೊಂದು ಕೆಲಸ ಹಿರಿಯ ವ್ಯಾಪಾರಿಗಳ ಕೈಯಲ್ಲಿದೆ. ಹೊಸ ಉದ್ಯಮಿಗಳಿಗಾಗಿ ಸಮಾಜದ ಸಂಸ್ಥೆಗಳು ತರಬೇತಿ ಶಿಬಿರ, ಸಮಾವೇಶ ನಡೆಸುತ್ತವೆ, ಸಾಧಕರಿಗೆ ಸನ್ಮಾನ ಮಾಡುತ್ತವೆ. ಅದೇ ಸಮಾಜದ ಅಂಗಡಿಗಳ ಗಲ್ಲಾಪೆಟ್ಟಿಗೆಯಲ್ಲಿ ಸಣ್ಣ ತಯಾರಕರ ಬಿಲ್ಲುಗಳು 45 ದಿನ ಮೀರಿ ಬಾಕಿ ಇದ್ದರೆ ಆ ಪ್ರೋತ್ಸಾಹಕ್ಕೆ ಅರ್ಥ ಕಡಿಮೆ. ಪೂರೈಕೆದಾರರ ಬಾಕಿ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆದು, ಗಡುವು ಹತ್ತಿರ ಬಂದವರಿಗೆ ಮೊದಲು ಹಣ ಸಂದಾಯ ಮಾಡುವ ಅಂಗಡಿ ಒಬ್ಬ ಹೊಸ ಉದ್ಯಮಿಗೆ ಮಾಡುವ ಉಪಕಾರ ಯಾವ ಸನ್ಮಾನಕ್ಕೂ ಕಡಿಮೆಯದಲ್ಲ.